ಬಾಸರನ ಊಟದ ಪಟ್ಟಿ

ತಮಿರ್ ಹೊಳೆಯ ದಂಡೆ,
ಬೇಸಿಗೆ ಬಿಡಾರ,
೧೧ ಜೂನ್ ೨೦೨೩

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಸರ್ನೈ ಮಾಡುವ ನಮಸ್ಕಾರಗಳು. ನಿನ್ನ ಎರಡೂ ಪತ್ರಗಳು ಕೈಸೇರಿ ಮೂರು ವಾರಗಳಾದವು. ಉತ್ತರಿಸಲು ತಡವಾದದ್ದಕ್ಕೆ ಕ್ಷಮೆಯಿರಲಿ. ಮೊದಲ ವಾರ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾದೆ. ಪಶುವೈದ್ಯ ವಿಭಾಗದ ನಾಲ್ಕನೆಯ ವರ್ಷದಲ್ಲಿಯೂ ನಾನೇ ಮೊದಲಿಗಳು. ಎರಡನೆಯವನಿಗೂ ನನಗೂ ಹನ್ನೊಂದು ಅಂಕಗಳ ಅಂತರವಿದೆ ಎಂಬುದನ್ನು ಅಪ್ಪನಿಗೆ ತಪ್ಪದೆ ಹೇಳು. ಎರಡನೆಯ ವಾರ ರಾಜಧಾನಿಯಿಂದ ಅಜ್ಜನ ಬಿಡಾರಕ್ಕೆ ಬಂದು ಬೇಸಿಗೆಯ ತರಬೇತಿಯನ್ನು ಆರಂಭಿಸುವುದರಲ್ಲಿ ಕಳೆಯಿತು. ಮೂರನೆಯ ವಾರಕ್ಕೆ ನನ್ನಲ್ಲಿ ಒಳ್ಳೆಯದೊಂದು ನೆಪವಿದೆ. ಆ ನೆಪವು ಈಗ ನನ್ನ ಬೂಟಿನ ಮೇಲೆ ಗದ್ದವಿಟ್ಟು ಗೊರಕೆ ಹೊಡೆಯುತ್ತಿದೆ.

ಫೋನು ಮಾಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಗುಡ್ಡದ ತುದಿಯ ಕಲ್ಲುಗುಪ್ಪೆಯ ಬಳಿ ಮಾತ್ರ ಇಲ್ಲಿ ಫೋನು ಹಿಡಿಯುತ್ತದೆ. ಪಕ್ಕದ ಗುಡಾರದ ಚಿಮೆದ್ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಅಲ್ಲಿಯೇ ನೆಲೆಸಿರುತ್ತಾಳೆ. ಮೊನ್ನೆ ನಾನು ಗುಡ್ಡ ಹತ್ತಿದಾಗ, "ಬಾರೇ, ನಿಮ್ಮಮ್ಮಂಗೆ ಮಾಡ್ತೀಯಾ? ನೀನ್ ಮಾತಾಡು, ನಾನೇನ್ ಕೇಳಿಸ್ಕೊಳಲ್ಲ" ಎಂದು ಹೇಳಿ, ತಲೆಗೆ ಕಟ್ಟಿದ್ದ ವಸ್ತ್ರವನ್ನು ಸರಿಸಿ ಕಿವಿಯನ್ನು ಹೊರಗೆ ಮಾಡಿಕೊಂಡಳು. ನಾನು ಹಾಗೆಯೇ ಇಳಿದು ಬಂದೆ. ನಮ್ಮ ಮಾತುಗಳು ಕಾಗದದ ಮೇಲೆಯೇ ಇರಲಿ.

ಈಗ ಸುದ್ದಿ ಹೇಳುತ್ತೇನೆ. ಅಜ್ಜನಿಗೆ ಕೊನೆಗೂ ನಾಯಿ ಬಂತು!

ಹಳೆಯ ನಾಯಿ ಹೋದ ಮೇಲಿನ ಎರಡು ವರ್ಷ ಅಜ್ಜ ಹೇಗಿದ್ದನೆಂಬುದನ್ನು ನೀನು ದೂರದಲ್ಲಿದ್ದುದರಿಂದ ಅಷ್ಟಾಗಿ ಕಂಡಿಲ್ಲ. ಬರುವವರೆಲ್ಲರೂ ವಾಡಿಕೆಯಂತೆ ದೂರದಿಂದಲೇ "ನಾಯಿ ಹಿಡ್ಕೊಳ್ರಪ್ಪೋ!" ಎಂದು ಕೂಗುತ್ತಿದ್ದರು. ಅಜ್ಜ ಒಳಗಿನಿಂದ ಗಂಭೀರವಾಗಿ, "ಹಿಡ್ಕೊಂಡಿದೀನಿ, ಬನ್ನಿ ಬನ್ನಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅವನೊಬ್ಬನನ್ನು ಬಿಟ್ಟು. ಕಳೆದ ಚಳಿಗಾಲದಲ್ಲಿ ತೋಳಗಳು ಹನ್ನೊಂದು ಕುರಿಗಳನ್ನು ಒಯ್ದವು. ಇನ್ನೊಂದು ಚಳಿಗಾಲವನ್ನು ನಾಯಿಯಿಲ್ಲದೆ ದಾಟುವುದು ಸಾಧ್ಯವಿಲ್ಲವೆಂಬುದು ಆಗಲೇ ತೀರ್ಮಾನವಾಗಿತ್ತು. ಅಜ್ಜನಿಗೆ ಬೇಕಾಗಿದ್ದುದು ಎಂಥದೋ ಒಂದು ನಾಯಿಯಲ್ಲ, ಬಂಖಾರ್ ತಳಿಯ ಅಪ್ಪಟ ಕಾವಲುನಾಯಿ.

ಮರಿಯನ್ನು ಬೆಟ್ಟದಾಚೆಯಿಂದ ತಂದವನು ಲಾರಿಯ ಜಂಬಾ ಮಾವ. ಒಂಬತ್ತು ವಾರದ ಮರಿ, ನಿಲುವಂಗಿಯ ಎದೆಯೊಳಗಿನಿಂದ ಕರಿಯ ಮೂತಿ ಮಾತ್ರ ಹೊರಗಿತ್ತು. ಇಳಿದವನೇ ನನ್ನ ಕಡೆ ನೋಡಿ ಜಂಬಾ ಮಾವ ಹೇಳಿದ: "ಡಾಕ್ಟ್ರಮ್ಮಾ, ದಾರೀಲಿ ನಾಲ್ಕು ಸಲ ವಾಂತಿ ಆಯ್ತು. ಅದಕ್ಕೆ ಮೂರು ಸಲ, ನಂಗೊಂದು ಸಲ."

ಅಜ್ಜಿ ಮರಿಯ ಹಣೆಗೆ ಬೆಣ್ಣೆ ಸವರಿದಳು. ಅಜ್ಜ ಅದನ್ನು ಎತ್ತಿ, ಕಿವಿಯೊಳಗೆ ಮೂರು ಬಾರಿ ಹೆಸರು ಹೇಳಿದ: ಬಾಸರ್. ಮೈಯೆಲ್ಲ ಕಪ್ಪು. ಎರಡು ಕಣ್ಣುಗಳ ಮೇಲೆ ಜೇನುಬಣ್ಣದ ಎರಡು ಬೊಟ್ಟುಗಳಿರುವುದರಿಂದ ನಿದ್ರಿಸುವಾಗಲೂ ನೋಡುತ್ತಿರುವಂತೆ ಕಾಣುತ್ತದೆ. ಅದರ ಪಾದಗಳನ್ನು ನೋಡಬೇಕು ನೀನು. ಬೇರೆ ಯಾವುದೋ ದೊಡ್ಡ ನಾಯಿಯಿಂದ ಎರವಲು ತಂದು ಜೋಡಿಸಿದ ಹಾಗಿವೆ.

ಪಾದಗಳನ್ನು ಕಂಡೊಡನೆ ನನ್ನ ಕೆಲಸ ಆರಂಭವಾಯಿತು. ಇಷ್ಟು ದೊಡ್ಡ ಮೈಯನ್ನು ಹೊರಬೇಕಾದ ಮೂಳೆಗಳಿಗೆ ಆಸರೆ ಬೇಡವೆ? ರಾಜಧಾನಿಯಿಂದ ಬರುವಾಗಲೇ ನಾನು ಸಿದ್ಧಳಾಗಿ ಬಂದಿದ್ದೆ. ಮರಿಗಳಿಗೆಂದೇ ಮಾಡಿದ ಹೊರದೇಶದ ಒಣ ಆಹಾರದ ದೊಡ್ಡ ಚೀಲ, ಒಂದು ಶೀಶೆ ಮೀನೆಣ್ಣೆ, ಎಲ್ಲಕ್ಕಿಂತ ಮುಖ್ಯವಾಗಿ ಕುರಿಮರಿಗಳ ಮೂಳೆ ಗಟ್ಟಿಯಾಗಲೆಂದು ಕೊಡುವ ಕ್ಯಾಲ್ಸಿಯಂ ಪುಡಿಯ ಒಂದು ಡಬ್ಬಿ. ದಿನಕ್ಕೆ ನಾಲ್ಕು ಊಟ, ಪ್ರತಿ ಊಟಕ್ಕೆ ಒಂದು ಚಮಚ ಪುಡಿ, ಬೆಳಿಗ್ಗೆ ಎಣ್ಣೆ, ಸಂಜೆ ಮೂಳೆಯ ಸಾರು ಎಂದು ಪಟ್ಟಿ ಬರೆದು ಗುಡಾರದ ಕಂಬಕ್ಕೆ ಕಟ್ಟಿದೆ.

ಅಜ್ಜ ಪಟ್ಟಿಯನ್ನು ಬಹಳ ಹೊತ್ತು ನೋಡಿದ. "ನಮ್ಮ ಹಳೇದು ಎಂಜಲು ತಿಂದ್ಕೊಂಡೇ ತೋಳ ಅಟ್ಟಿಸ್ತಿತ್ತಲ್ಲೇ."

"ಅದು ಎಷ್ಟೆತ್ತರ ಇತ್ತಜ್ಜ?"

"ನನ್ನ ತೊಡೆವರೆಗೆ."

"ಇವನು ನಿಮ್ಮ ಸೊಂಟದವರೆಗೆ ಬರ್ತಾನೆ ನೋಡ್ತಿರಿ. ಅದೂ ಚಳಿ ಶುರುವಾಗೋದ್ರೊಳಗೆ."

ಅಜ್ಜ ಗಡ್ಡ ತುರಿಸಿಕೊಂಡು, "ಸರಿನಮ್ಮ, ಓದಿದೋಳು ನೀನು" ಎಂದ. ಅಜ್ಜಿಗೆ ನನ್ನ ಸಣ್ಣ ಅಕ್ಷರಗಳು ಕಾಣಿಸಲಿಲ್ಲ. "ಚಮಚದ ಚಿತ್ರ ಬರೀಯೇ, ಎಷ್ಟು ಚಮಚ ಬರೀತೀಯೋ ಅಷ್ಟು ಹಾಕ್ತೀನಿ" ಎಂದಳು. ತರಗತಿಯ ಮೊದಲಿಗಳು ಕುಳಿತು ನಾಲ್ಕು ಚಮಚಗಳ ಚಿತ್ರ ಬರೆದಳೆಂದು ತಿಳಿದು ನಗು.

ಒಂದು ಕೆಲಸ ಮಾಡು. ನಿಮ್ಮ ಗಣಿಯ ಪಟ್ಟಣದ ಔಷಧದಂಗಡಿಯಲ್ಲಿ ಅದೇ ಪುಡಿ ಸಿಕ್ಕಿದರೆ ಒಂದು ಡಬ್ಬಿ ಕಳಿಸಿಕೊಡು. ಗಣಿಯವರ ಅಡುಗೆಮನೆಯ ಕೆಲಸ ಹೆಚ್ಚು ಮಾಡಿ ಸೊಂಟ ನೋಯಿಸಿಕೊಳ್ಳಬೇಡ. ಅಜ್ಜ ಅಜ್ಜಿಯರ ಆಶೀರ್ವಾದಗಳು, ಅಪ್ಪನಿಗೆ ನನ್ನ ನಮಸ್ಕಾರಗಳು.

ನಿನ್ನ ಮಗಳು,
ಸರ್ನೈ


ಬೇಸಿಗೆ ಬಿಡಾರ,
೧೭ ಜುಲೈ ೨೦೨೩

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನೀನು ಕಳಿಸಿದ ಎರಡು ಡಬ್ಬಿಗಳು ನಾದಮ್ ಹಬ್ಬದ ಹಿಂದಿನ ದಿನವೇ ತಲುಪಿದವು. ಒಂದು ಕೇಳಿದರೆ ಎರಡು ಕಳಿಸುವವಳು ನೀನು. ಪತ್ರ ಮತ್ತೆ ತಡವಾಯಿತು. ಹಬ್ಬದ ಮೂರು ದಿನ ಕೈಯಲ್ಲಿ ಲೇಖನಿ ಹಿಡಿದವರು ಈ ಕಣಿವೆಯಲ್ಲಿ ಯಾರೂ ಇಲ್ಲ.

ಹಬ್ಬ ಚೆನ್ನಾಗಿ ನಡೆಯಿತು. ಚಿಮೆದ್ ಅತ್ತೆಯ ಗಂಡ ಬಲ್ದಾನ್ ಮಾವ ಐವತ್ತೆರಡನೆಯ ವಯಸ್ಸಿನಲ್ಲಿ ಕುಸ್ತಿಗೆ ಇಳಿದ. ಮೊದಲ ಸುತ್ತಿನಲ್ಲಿ ಗೆದ್ದು, ಗರುಡನಂತೆ ತೋಳು ಚಾಚಿ ಕುಣಿದು, ಎರಡನೆಯ ಸುತ್ತಿಗೆ ಬರಲೇ ಇಲ್ಲ. ಹುಡುಕಿದರೆ ಹುಳಿಸಿದ ಕುದುರೆಹಾಲಿನ ಪೀಪಾಯಿಯ ಹಿಂದೆ ಕುಳಿತಿದ್ದ. "ಗೆದ್ದೋನಾಗೇ ಮನೆಗೆ ಹೋಗ್ತೀನಿ ಕಣ್ರೋ, ಯಾಕೆ ಎಳೀತೀರಾ" ಎಂದನಂತೆ.

ಬಾಸರನೂ ಹಬ್ಬಕ್ಕೆ ಬಂದಿದ್ದ. ಹದಿನಾಲ್ಕು ವಾರಕ್ಕೆ ಹತ್ತೊಂಬತ್ತು ಕಿಲೋ! ಜನರು ಕುದುರೆಗಳನ್ನು ಬಿಟ್ಟು ಇವನ ಸುತ್ತ ನೆರೆದರು. ಏನು ತಿನ್ನಿಸುತ್ತೀರಿ ಎಂದು ಕೇಳಿದವರಿಗೆಲ್ಲ ನಾನು ಉತ್ತರಿಸಿದೆ. ಅಜ್ಜಿ ಹೇಳುವಂತೆ ಅದು ಉತ್ತರವಾಗಿರಲಿಲ್ಲ, ಭಾಷಣವಾಗಿತ್ತು. ದೊಡ್ಡ ತಳಿಯ ಮರಿಗೆ ಮೂಳೆಯೇ ಆಸ್ತಿ, ಮೂಳೆಗೆ ಕ್ಯಾಲ್ಸಿಯಮ್ಮೇ ಆಧಾರ, ನಿರ್ಲಕ್ಷಿಸಿದರೆ ಆರು ತಿಂಗಳಲ್ಲಿ ಮರಿ ಕುಸಿಯುತ್ತದೆ ಎಂದು ಕುಸ್ತಿಯ ಕಣದ ಪಕ್ಕದಲ್ಲಿ ನಿಂತು ಹೇಳಿದೆ. ನಮ್ಮ ಬಿಡಾರದವರೆಲ್ಲ ಮುಂದಿನ ಸಾಲಿನಲ್ಲಿಯೇ ನಿಂತು ತಲೆಯಾಡಿಸುತ್ತಿದ್ದರು. ಆಗ ನನಗಾದ ಸಂತೋಷವನ್ನು ನಿನ್ನಿಂದ ಏಕೆ ಮುಚ್ಚಿಡಲಿ?

ಆದರೆ ಅಮ್ಮಾ, ಹಬ್ಬದಿಂದ ಮರಳಿದ ಮರುದಿನ ಅಜ್ಜ ನನ್ನನ್ನು ಹೊರಗೆ ಕರೆದ.

"ಇವನ ನಡಿಗೆ ನೋಡು."

ನೋಡಿದೆ. ಬಾಸರನ ಮುಂಗಾಲುಗಳು ಮಣಿಕಟ್ಟಿನಲ್ಲಿ ಮುಂದಕ್ಕೆ ಬಾಗಿದ್ದವು. ಪಾದಗಳು ಹೊರಕ್ಕೆ ತಿರುಗಿದ್ದವು. ಓಡಲು ಹೋದರೆ ಮಣಿಕಟ್ಟು ಮಡಚಿಕೊಂಡು ಮೂತಿ ನೆಲಕ್ಕೆ ಬಡಿಯುತ್ತಿತ್ತು. ಬಡಿದ ಪ್ರತಿಬಾರಿಯೂ ಅವನು ಎದ್ದು, ಯಾರು ತಳ್ಳಿದರೆಂದು ಹಿಂದೆ ತಿರುಗಿ ನೋಡುತ್ತಿದ್ದ. ಮೊದಲು ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ಚಿಮೆದ್ ಅತ್ತೆಗೆ ನಗು ನಿಂತಿರಲಿಲ್ಲ. "ತೋಳ ಬಂದ್ರೆ ಇವನು ಕುಣಿದು ತೋರಿಸ್ತಾನೆ ಬಿಡು. ಅವು ನಕ್ಕೂ ನಕ್ಕೂ ಸಾಯ್ತವೆ."

ಬಲ್ದಾನ್ ಮಾವ ನಗಲಿಲ್ಲ. ಅಜ್ಜನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮೆತ್ತಗೆ ಹೇಳಿದ: "ಗೊಂಬೊ ಅಣ್ಣ, ಆಗಸ್ಟ್ ಕೊನೇಲಿ ವಲಸೆ ಹೊರಟು ಕಣಿವೆ ದಾಟಬೇಕು. ಇಂಥಾ ಕಾಲಲ್ಲಿ ಆಗುತ್ತಾ? ದಾಟಿದ್ರೂ ಚಳಿಗಾಲದಲ್ಲಿ ಮಂದೆ ಹಿಂದೆ ನಿಲ್ಲೋಕಾಗುತ್ತಾ? ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಪಟ್ಟಣದಲ್ಲಿ ಯಾರಿಗಾದ್ರೂ ಕೊಟ್ಬಿಡು. ಬೇಲಿ ಒಳಗೆ ಬದುಕ್ಕೊಳುತ್ತೆ."

ಅಜ್ಜ ಬಾಸರನ ಬಾಗಿದ ಕಾಲನ್ನು ಅಂಗೈಯಲ್ಲಿ ಹಿಡಿದು, ತೇವದ ಕೊಂಬೆಯನ್ನು ನೇರ ಮಾಡುವವನಂತೆ ಹೆಬ್ಬೆರಳಿನಿಂದ ಸವರುತ್ತ ಕುಳಿತ. ಮಂದೆಯ ಹಿಂದೆ ನಡೆಯಲಾಗದ ನಾಯಿಗೆ ಹುಲ್ಲುಗಾವಲಿನಲ್ಲಿ ಜಾಗವಿಲ್ಲವೆಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಎರಡು ವರ್ಷ ಕಾದು ತರಿಸಿದ ನಾಯಿಯನ್ನು ಆರೇ ವಾರಗಳಲ್ಲಿ ಮತ್ತೊಬ್ಬರಿಗೆ ಕೊಡುವುದೆಂದರೆ ಏನು, ಹೇಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದು ಮೂಳೆಯ ಬಲಹೀನತೆ ಎಂಬುದು ಸ್ಪಷ್ಟ. ನನ್ನ ಪಟ್ಟಿ ಸರಿಯಾಗಿದ್ದ ಮೇಲೆ ಪಟ್ಟಿಯನ್ನು ಪಾಲಿಸಿಲ್ಲವೆಂದೇ ಅರ್ಥ. ನಾನು ಊರೂರು ತಿರುಗಿ ಕುರಿಗಳಿಗೆ ಚುಚ್ಚುಮದ್ದು ಹಾಕುತ್ತಿರುವಾಗ ಇಲ್ಲಿ ಯಾರೂ ಪುಡಿಯನ್ನು ಮುಟ್ಟಿರಲಾರರು. ಅಜ್ಜಿಯನ್ನು ಕೇಳಿಯೂಬಿಟ್ಟೆ.

"ಹಾಕಿದೀನಮ್ಮ. ಚಿತ್ರದಲ್ಲಿ ಇರೋ ಹಾಗೇ ಹಾಕಿದೀನಿ" ಎಂದಳು ಅಜ್ಜಿ.

"ನಿಜ ಹೇಳಿ ಅಜ್ಜಿ."

"ನಿನ್ನ ಕಂಡ್ರೆ ಹೆದರಿಕೆ ಆಗುತ್ತೆ ಕಣೇ, ಸುಳ್ಳು ಹೇಳ್ತೀನಾ?"

ನಾನು ನಂಬಲಿಲ್ಲ. ನಮ್ಮವರು ಓದಿದವರ ಮಾತಿಗೆ ಎದುರಿಗೆ ತಲೆಯಾಡಿಸಿ ಬೆನ್ನ ಹಿಂದೆ ತಮ್ಮ ದಾರಿಯನ್ನೇ ಹಿಡಿಯುತ್ತಾರೆಂದು ನೀನೂ ಎಷ್ಟೋ ಸಲ ಹೇಳಿದ್ದೀಯ. ನಿನ್ನೆಯಿಂದ ಪುಡಿಯನ್ನು ಎರಡರಷ್ಟು ಮಾಡಿ, ನಾನೇ ಕೈಯಾರೆ ಹಾಕುತ್ತಿದ್ದೇನೆ. ನಾಳಿದ್ದು ಜಂಬಾ ಮಾವನ ಲಾರಿಯಲ್ಲಿ ಬಾಸರನನ್ನು ಪಟ್ಟಣದ ಪಶು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಅಲ್ಲಿನ ರಿಂಚಿನ್ ಡಾಕ್ಟರಮ್ಮನ ಬಳಿ ಎಕ್ಸ್‌ರೇ ಯಂತ್ರವಿದೆ. ನನಗೆ ಬೇಕಾದದ್ದು ಚಿತ್ರ ಮಾತ್ರ, ಸಲಹೆಯಲ್ಲ.

ಈ ಪತ್ರದಲ್ಲಿ ಸಿಟ್ಟು ಹೆಚ್ಚಾಯಿತೇನೋ. ಹೊರಗೆ ಹೊಳೆಯ ತುಂಬ ಬಿಸಿಲಿದೆ, ಅಜ್ಜಿ ಕೆನೆ ಕಾಯಿಸುತ್ತಿದ್ದಾಳೆ, ಬಾಸರ್ ತನ್ನ ಡೊಂಕು ಕಾಲಿನಲ್ಲಿಯೇ ಕುರಿಮರಿಯೊಂದನ್ನು ಅಟ್ಟಿಸಿಕೊಂಡು ಹೋಗಿ, ಅದು ತಿರುಗಿ ನಿಂತೊಡನೆ ಹೆದರಿ ನನ್ನ ಬಳಿಗೆ ಬಂದಿದ್ದಾನೆ. ಅವನಿಗೆ ಏನೂ ಗೊತ್ತಿಲ್ಲ. ಅಷ್ಟೇ ಸಮಾಧಾನ.

ನಿನ್ನ ಮಗಳು,
ಸರ್ನೈ


ಬೇಸಿಗೆ ಬಿಡಾರ ಬಿಟ್ಟ ದಿನ,
೨೭ ಆಗಸ್ಟ್ ೨೦೨೩

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ಆರು ವಾರ ಒಂದಕ್ಷರವನ್ನೂ ಬರೆಯಲಿಲ್ಲ. ಕೆಲಸವಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಈ ಪತ್ರವನ್ನು ಬರೆಯಲು ನಾಚಿಕೆಯಾಗುತ್ತಿತ್ತು. ಈಗ ಆ ನಾಚಿಕೆ ಕರಗಿದೆ, ಅದರ ಜಾಗದಲ್ಲಿ ನಗು ಬರುತ್ತಿದೆ. ಮೊದಲಿನಿಂದ ಹೇಳುತ್ತೇನೆ.

ರಿಂಚಿನ್ ಡಾಕ್ಟರಮ್ಮನಿಗೆ ಅರವತ್ತು ದಾಟಿದೆ. ಒಂಟೆಯಂತೆ ನಿಧಾನವಾಗಿ ರೆಪ್ಪೆ ಬಡಿಯುತ್ತಾರೆ. ಎಕ್ಸ್‌ರೇ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿದರು. ಬಾಸರನ ಪಕ್ಕೆಲುಬುಗಳನ್ನು ತಡವಿದರು. ಸಿಗಲಿಲ್ಲ, ಅವು ಕೊಬ್ಬಿನ ಅಡಿಯಲ್ಲೆಲ್ಲೋ ಇದ್ದವು.

"ಏನ್ ತಿಂತಾನೆ ಇವನು?" ಎಂದರು.

ನಾನು ಪಟ್ಟಿಯನ್ನು ಒಪ್ಪಿಸಿದೆ. ಚೀಲದ ಆಹಾರ, ಎಣ್ಣೆ, ಪುಡಿ, ಸಾರು.

"ನೀನ್ ಏನ್ ಕೊಡ್ತೀಯ ಅಂತ ಕೇಳ್ಲಿಲ್ಲಮ್ಮ. ಅವನು ಏನ್ ತಿಂತಾನೆ ಅಂತ ಕೇಳ್ದೆ."

ಅದು ಒಂದೇ ಅಲ್ಲವೇ ಎಂದೆ. ಅವರು ನನ್ನ ಹೆಸರು ಕೇಳಿದರು, ತರಗತಿಯಲ್ಲಿ ಎಷ್ಟನೆಯವಳೆಂದು ಕೇಳಿದರು. ಹೇಳಿದೆ. "ಹೌದಾ? ಹಾಗಾದ್ರೆ ಒಂದು ದಿನ ಪೂರ್ತಿ ಅವನ ಹಿಂದೆ ಸುತ್ತು. ಪುಸ್ತಕ ಇಲ್ಲದೆ ಸುತ್ತು. ಆಮೇಲೆ ಪುಡಿ ಲೆಕ್ಕ ಹಾಕಿ ನನ್ನ ಹತ್ರ ಬಾ" ಎಂದು ಹೇಳಿ ಕಳಿಸಿಬಿಟ್ಟರು. ದಾರಿಯುದ್ದಕ್ಕೂ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಮರುದಿನ ಬೆಳಗಾಗುತ್ತಿದ್ದಂತೆ ಅಜ್ಜನ ದುರ್ಬೀನನ್ನು ಹಿಡಿದು ಎದುರಿನ ಇಳಿಜಾರಿನಲ್ಲಿ ಮಲಗಿಕೊಂಡೆ. ನಾನಿಲ್ಲದ್ದರಿಂದ ಅಜ್ಜಿಯೇ ನಾಲ್ಕು ಊಟಗಳಲ್ಲಿ ಮೊದಲನೆಯದನ್ನು ಕೊಟ್ಟಳು. ಚಿತ್ರದ ಚಮಚ ದೊಡ್ಡದಾಗಿದ್ದುದರಿಂದ ಅವಳು ಬಳಸುತ್ತಿದ್ದುದು ಸಾರಿನ ಸೌಟು. ಅದರ ಮೇಲೆ, ಪುಡಿ ಹಾಕಿಲ್ಲವೆಂದು ನಾನು ಸಿಟ್ಟಾಗಿದ್ದೆನೆಂದು ಇನ್ನೊಂದು ಸೌಟು. ಅವಳು ಒಳಗೆ ಹೋದೊಡನೆ ಅಜ್ಜ ಅತ್ತಿತ್ತ ನೋಡಿ, ನಿಲುವಂಗಿಯ ಎದೆಯೊಳಗಿನಿಂದ ಒಣ ಮೊಸರುಗಡ್ಡೆಗಳನ್ನು ತೆಗೆದು ಒಂದೊಂದಾಗಿ ಬಾಸರನ ಬಾಯಿಗೆ ಹಾಕಿದ. ಏಳು ಎಣಿಸಿದೆ.

ಅಲ್ಲಿಂದ ಬಾಸರ್ ಕುಂಟುತ್ತ ಹೊರಟ. ದಾರಿ ಅವನಿಗೆ ಬಾಯಿಪಾಠವಾಗಿತ್ತು. ಚಿಮೆದ್ ಅತ್ತೆಯ ಗುಡಾರದ ಮುಂದೆ ಕುಳಿತು ಒಂದೇ ಒಂದು ಸಲ ಬೊಗಳಿದ. ಅತ್ತೆ ಹೊರಗೆ ಬಂದು, ಕುಟ್ಟಿ ಪುಡಿಮಾಡಿದ ಕುರಿಮೂಳೆಯನ್ನು ಹಾಲಿನಲ್ಲಿ ಕಲಸಿ ಇಟ್ಟಳು. ಅವಳ ಗಂಡ ಹಿಂಬದಿಯಿಂದ ಮಜ್ಜೆಯಿದ್ದ ದನದ ಮೂಳೆಯನ್ನು ಬೇರೆಯಾಗಿ ಕೊಟ್ಟ. ಗಂಡ ಕೊಡುವುದು ಹೆಂಡತಿಗೆ ಗೊತ್ತಿಲ್ಲ, ಹೆಂಡತಿ ಕೊಡುವುದು ಗಂಡನಿಗೆ ಗೊತ್ತಿಲ್ಲ. ಬಳಿಕ ಹೊಳೆಯ ಆಚೆಗಿನ ಯಾಂಜ್ಮಾ ಅಜ್ಜಿ. ಆಕೆಗೆ ಎಂಬತ್ತೊಂದು. ತನ್ನ ಸವೆದ ಮೂಳೆಗಳಿಗೆಂದು ಆಸ್ಪತ್ರೆಯವರು ಕೊಟ್ಟ ಕ್ಯಾಲ್ಸಿಯಂ ಗುಳಿಗೆಗಳನ್ನು ಬೆಣ್ಣೆಯಲ್ಲಿ ಅದ್ದಿ ನಾಯಿಗೆ ತಿನ್ನಿಸುತ್ತಿದ್ದಳು! ಮಧ್ಯಾಹ್ನ ಜಂಬಾ ಮಾವನ ಲಾರಿ ಬಂತು. ಅವನು ಇಳಿದು ಮಾಡಿದ ಮೊದಲ ಕೆಲಸವೆಂದರೆ ಪಟ್ಟಣದಿಂದ ತಂದ ಮೊಟ್ಟೆಚಿಪ್ಪಿನ ಪೊಟ್ಟಣವನ್ನು ಬಿಚ್ಚಿದ್ದು.

ನಾನು ಇಳಿಜಾರಿನಿಂದ ಎದ್ದು, ಹುಲ್ಲು ಅಂಟಿದ ಮುಖದಲ್ಲಿಯೇ ಲಾರಿಯ ಬಳಿಗೆ ಓಡಿದೆ. ಎಲ್ಲರನ್ನೂ ಕೂಗಿ ಕರೆದೆ.

"ಯಾಕೆ ಇದೆಲ್ಲ ಕೊಡ್ತಿದೀರಾ?"

ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು. ಚಿಮೆದ್ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಯಾಕೆ ಅಂದ್ರೆ? ನಾದಮಲ್ಲಿ ನೀನೇ ಅಲ್ವೇನೇ ಒಂದು ಗಂಟೆ ಕೊರೆದಿದ್ದು, ಮೂಳೆ ಮೂಳೆ ಅಂತ? ನಿಮ್ಮಜ್ಜ ಅಜ್ಜಿ ವಯಸ್ಸಾದೋರು, ಮರೀತಾರೇನೋ ಅಂತ ನಾನು ಸ್ವಲ್ಪ ಹಾಕ್ದೆ."

"ನಾನೂ ಅದಕ್ಕೇ" ಎಂದ ಬಲ್ದಾನ್ ಮಾವ. ಅತ್ತೆ ತಿರುಗಿ ಅವನನ್ನು ನೋಡಿದ ನೋಟವನ್ನು ಬರೆದು ತಿಳಿಸಲಾರೆ.

ಯಾಂಜ್ಮಾ ಅಜ್ಜಿ ಕೋಲೂರಿಕೊಂಡು ನಿಧಾನವಾಗಿ ಹೇಳಿದಳು: "ನಂದು ಹೆಂಗೂ ಮುಗೀತು ಮಗಾ. ಅದರ ಮೂಳೆ ಆದ್ರೂ ಗಟ್ಟಿ ಆಗ್ಲಿ ಅಂತ."

ಅಮ್ಮಾ, ನನ್ನ ಮಾತನ್ನು ಯಾರೂ ಕೇಳುತ್ತಿಲ್ಲವೆಂದು ನಿನಗೆ ದೂರು ಬರೆದಿದ್ದೆನಲ್ಲ. ಇಡೀ ಕಣಿವೆಯೇ ಕೇಳಿಸಿಕೊಂಡಿತ್ತು. ಓದಿದ ಹುಡುಗಿ ಹೇಳಿದ್ದಾಳೆಂದು ಯಾಂಜ್ಮಾ ಅಜ್ಜಿ ತನ್ನ ಔಷಧವನ್ನೇ ಬಿಟ್ಟಿದ್ದಳು.

ಆ ಸಂಜೆ ಲೆಕ್ಕ ಹಾಕಲು ಕುಳಿತೆ. ಮೊದಲು ಚೀಲದ ಹಿಂಬದಿಯನ್ನು ಓದಿದೆ. ಎರಡು ತಿಂಗಳು ಮನೆಯಲ್ಲಿದ್ದರೂ ಅದನ್ನು ಓದಿರಲಿಲ್ಲ. ಆ ಒಣ ಆಹಾರವೊಂದರಲ್ಲಿಯೇ ಮರಿಗೆ ಬೇಕಾದಷ್ಟು ಕ್ಯಾಲ್ಸಿಯಂ ಇತ್ತು. ಉಳಿದವರು ಕೊಟ್ಟದ್ದನ್ನೆಲ್ಲ ಬಿಟ್ಟು ನನ್ನ ಪುಡಿಯನ್ನು ಮಾತ್ರ ಸೇರಿಸಿದರೂ ಬೇಕಾದದ್ದರ ಮೂರರಷ್ಟಾಗುತ್ತಿತ್ತು. ಅಂದರೆ ತಪ್ಪು ಊರವರದಲ್ಲ. ಅವರು ಸೇರಿಸಿದ್ದು ಹಬ್ಬವಾದ ಮೇಲೆ. ಕುರಿಮರಿಗಳ ಮೂಳೆರೋಗದ ಪ್ರಶ್ನೆಗೆ ನನಗೆ ಪೂರ್ಣ ಅಂಕಗಳು ಬಂದಿವೆ. ನಾಯಿಗಳ ಆಹಾರದ ಬಗ್ಗೆ ನಮ್ಮ ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟಗಳಿವೆ. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಅವನ್ನು ತೆರೆದಿರಲಿಲ್ಲ. ನಾಯಿಯನ್ನು ಕುರಿಯೆಂದು ತಿಳಿದು ಸಾಕಿದೆ. ದೊಡ್ಡ ತಳಿಯ ಎಳೆಯ ಮರಿಯ ಕರುಳಿಗೆ ಸಾಕು ಎನ್ನಲು ಬಾರದಂತೆ. ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ, ಮೂಳೆಗಳ ಬೆಳವಣಿಗೆಯ ಲಯ ತಪ್ಪುತ್ತದೆ. ಅದರ ಮೇಲೆ ಅತಿಯಾದ ಊಟದಿಂದ ಮೈಭಾರವೂ ಏರಿದರೆ ಕಾಲು ಬಾಗುತ್ತದೆ. ಬೇಗ ಬೆಳೆಸಬೇಕೆಂಬುದೇ ಮೊದಲ ತಪ್ಪು. ದೊಡ್ಡದಾಗಬೇಕಾದ ಮರಿ ನಿಧಾನವಾಗಿ ಬೆಳೆಯಬೇಕು.

ಮರುದಿನ ಎಲ್ಲರನ್ನೂ ನಮ್ಮ ಗುಡಾರಕ್ಕೆ ಕರೆದು, ಕಂಬದ ಪಟ್ಟಿಯನ್ನು ಹರಿದುಹಾಕಿ, ನಾನು ತಪ್ಪು ಮಾಡಿದೆನೆಂದು ಹೇಳಿದೆ. ನಾನು ಅಂಥ ಮಾತನ್ನು ಯಾರ ಮುಂದೆಯೂ ಆಡಿದವಳಲ್ಲ, ನಿನಗೆ ಗೊತ್ತು. ಆಮೇಲೆ ಬಲ್ದಾನ್ ಮಾವ ಕೇಳಿದ: "ಅಂದ್ರೆ ನಾಳೆಯಿಂದ ನಾನು ಮೂಳೆ ಕೊಡೋ ಹಂಗಿಲ್ವಾ?"

"ಇಲ್ಲ ಮಾವ."

"ಒಂದೂ?"

"ಒಂದೂ ಇಲ್ಲ."

"ಅವನಿಗೆ ಯಾರು ಹೇಳ್ತಾರೆ?"

ಆ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಮುಂದಿನ ಒಂದು ವಾರ ಬಾಸರ್ ಗುಡಾರದಿಂದ ಗುಡಾರಕ್ಕೆ ಹೋಗಿ ಒಂದೊಂದು ಸಲ ಬೊಗಳಿ, ಕಾದು, ಮರಳುತ್ತಿದ್ದ. ಚಿಮೆದ್ ಅತ್ತೆ ಬಾಗಿಲು ಮುಚ್ಚಿಕೊಂಡು ಒಳಗಿನಿಂದಲೇ, "ಹೋಗಪ್ಪಾ, ನಾನಿಲ್ಲ" ಎನ್ನುತ್ತಿದ್ದಳು. ಅಜ್ಜ ತನ್ನ ಎದೆಯ ಜೇಬನ್ನು ನನ್ನೆದುರು ತಾನೇ ಹೊರತೆಗೆದು ಕೊಡವಿ ತೋರಿಸುತ್ತಿದ್ದ. ಯಾಂಜ್ಮಾ ಅಜ್ಜಿ ತನ್ನ ಗುಳಿಗೆಗಳನ್ನು ಮತ್ತೆ ತಾನೇ ನುಂಗತೊಡಗಿದಳು, ಬೆಣ್ಣೆಯ ಸಮೇತ. ಪುಡಿಯ ಡಬ್ಬಿಗಳನ್ನು ರಿಂಚಿನ್ ಡಾಕ್ಟರಮ್ಮನಿಗೆ ಕೊಟ್ಟೆ, ಕುರಿಮರಿಗಳಿಗಾಗುತ್ತದೆ. ಅವರು ಲೆಕ್ಕದ ಹಾಳೆಯನ್ನು ಪೂರ್ತಿ ಓದಿ, ರೆಪ್ಪೆ ಬಡಿದು, "ಈಗ ಡಾಕ್ಟರ್ ಆಗ್ತಿದೀಯ" ಎಂದರು. ಈವರೆಗೆ ಬಂದ ಯಾವ ಅಂಕವೂ ನನಗೆ ಅಷ್ಟು ಹಿಡಿಸಿರಲಿಲ್ಲ.

ಈಗ ಬಾಸರನಿಗೆ ಮೂರು ಊಟ. ಅಳತೆಯ ಒಣ ಆಹಾರ, ಸ್ವಲ್ಪ ಬೆಂದ ಮಾಂಸ, ನೀರು, ಬೇಕಾದಷ್ಟು ಹುಲ್ಲುನೆಲ ಮತ್ತು ಬಿಸಿಲು. ಪುಡಿಯೂ ಇಲ್ಲ, ಎಣ್ಣೆಯೂ ಇಲ್ಲ. ಕೈಯಿಟ್ಟರೆ ಪಕ್ಕೆಲುಬು ಸಿಗಬೇಕು, ಕಣ್ಣಿಗೆ ಕಾಣಬಾರದು. ಅಜ್ಜಿ ದಿನಕ್ಕೆ ಹತ್ತು ಸಲ ತಡವಿ ನೋಡುತ್ತಾಳೆ, ಅವನಿಗೆ ಕಚಗುಳಿಯಾಗಿ ಉರುಳುತ್ತಾನೆ. ಹತ್ತನೆಯ ದಿನ ಮಣಿಕಟ್ಟು ಸ್ವಲ್ಪ ಎತ್ತಿಕೊಂಡಿತು. ಮೂರನೆಯ ವಾರಕ್ಕೆ ಎಡಗಾಲು ನೇರವಾಯಿತು. ಬಲಗಾಲು ಹಟ ಮಾಡಿತು. ಅಜ್ಜ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಅದನ್ನು ನೋಡಿ ಬಂದು, "ಇವತ್ತು ನಿನ್ನೆಗಿಂತ ಎರಡು ಕೂದಲೆಳೆಯಷ್ಟು ನೆಟ್ಟಗಿದೆ" ಎನ್ನುತ್ತಿದ್ದ. ಎರಡು ಕೂದಲೆಳೆಯನ್ನು ಅವನು ಹೇಗೆ ಅಳೆಯುತ್ತಿದ್ದನೋ ಕಾಣೆ, ಆದರೆ ಅವನ ಅಳತೆ ನನ್ನ ಪಟ್ಟಿಗಿಂತ ಸರಿಯಾಗಿತ್ತು.

ಈ ದಿನ ವಲಸೆ ಹೊರಟೆವು. ಬಾಸರನನ್ನು ಲಾರಿಯ ಮೇಲೆ, ಸುತ್ತಿಟ್ಟ ಕಂಬಳಿಗಳ ನಡುವೆ ಕೂರಿಸಬೇಕೆಂದು ನಾನು ಆಜ್ಞೆ ಮಾಡಿದ್ದೆ. ಕೂರಿಸಿದರು. ಕಣಿವೆಯ ಏರು ಮುಗಿಯುವಲ್ಲಿ ಜಂಬಾ ಮಾವ ಲಾರಿಯ ಬಿಸಿ ಇಳಿಸಲು ನಿಲ್ಲಿಸಿದಾಗ, ಅಜ್ಜನ ಮಂದೆ ಹಿಂದಿನಿಂದ ಬಂದು ನಮ್ಮನ್ನು ದಾಟತೊಡಗಿತು. ಬಾಸರ್ ಎದ್ದು ನಿಂತ. ನಾನು ಬೇಡವೆಂದು ಕೂಗುವುದರೊಳಗೆ ಕಂಬಳಿಯ ಮೇಲಿನಿಂದ ಚಕ್ರದ ಮೇಲಕ್ಕೆ, ಚಕ್ರದಿಂದ ನೆಲಕ್ಕೆ ಜಾರಿದ. ಅವನು ಮೈ ಕೊಡವಿ, ಕುರಿಮರಿಗಳ ಸಾಲಿನ ಹೊರಮಗ್ಗುಲಿಗೆ ಹೋಗಿ, ಬಾಲವನ್ನು ಬೆನ್ನ ಮೇಲೆ ಸುರುಳಿ ಸುತ್ತಿ ನಡೆಯತೊಡಗಿದ. ಯಾರೂ ಕಲಿಸಿದ್ದಲ್ಲ. ನಾಲ್ಕೂ ಕಾಲುಗಳು ನೆಟ್ಟಗಿದ್ದವು, ಅಮ್ಮಾ. ಬಲಗಾಲಿನ ಪಾದ ಇನ್ನೂ ಒಂದಿಷ್ಟು ಹೊರಕ್ಕೆ ನೋಡುತ್ತದೆ, ಅಷ್ಟೇ.

ಅಜ್ಜ ಕುದುರೆಯನ್ನು ನಿಲ್ಲಿಸಿ ನೋಡುತ್ತಿದ್ದ. ಬಲ್ದಾನ್ ಮಾವ ದೂರದಿಂದ ಕೂಗಿದ: "ಗೊಂಬೊ ಅಣ್ಣಾ! ಪಟ್ಟಣದೋರಿಗೆ ಏನಂತ ಹೇಳ್ಲಿ?"

"ಅವರು ಬೆಕ್ಕು ಸಾಕ್ಕೊಳ್ಳಲಿ ಅನ್ನು!" ಎಂದು ಅಜ್ಜ ಕೂಗಿದ. ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. ಅಜ್ಜಿ ಲಾರಿಯೊಳಗೆ ಕುಳಿತು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಇಳಿಜಾರಿನಲ್ಲಿ ಅವನನ್ನು ಮತ್ತೆ ಲಾರಿಗೆ ಹತ್ತಿಸಿದೆ. ಐದು ತಿಂಗಳೂ ತುಂಬದವನಿಗೆ ಒಂದು ದಿನಕ್ಕೆ ಅಷ್ಟು ಸಾಕು.

ಅಜ್ಜ ಅಜ್ಜಿಯರು ನಿಮ್ಮಿಬ್ಬರಿಗೂ ಆಶೀರ್ವಾದ ಹೇಳಿದ್ದಾರೆ. ನಿಮ್ಮ ಒಲೆ ಆರದಿರಲಿ, ಹೋದ ದಾರಿಯೆಲ್ಲ ತಂಪಾಗಿರಲಿ ಎಂದು ಅಜ್ಜಿ ನಾಲ್ಕು ದಿಕ್ಕಿಗೂ ಹಾಲು ಚಿಮುಕಿಸಿದಳು. ನೀವಿರುವ ಗೋಬಿಯ ದಿಕ್ಕಿಗೆ ಎರಡು ಸಲ. ನಾನು ನಾಳಿದ್ದು ರಾಜಧಾನಿಗೆ ಹೊರಡುತ್ತೇನೆ.

ನಿನ್ನ ಮಗಳು,
ಸರ್ನೈ

ಮರೆತದ್ದು: ಮರೆತದ್ದೆಂದು ಬರೆದೆ, ಆದರೆ ಮರೆತಿರಲಿಲ್ಲ. ಪುಡಿಯೇ ಬೇಡದ ಕಡೆ ಡಬ್ಬಿಯ ಮೇಲೆ ಡಬ್ಬಿ ಪುಡಿಯ ಹಿಂದೆ ನಾನೇಕೆ ಬಿದ್ದಿದ್ದೆನೆಂದು ನೀನು ಕೇಳಲಿಲ್ಲ. ನಿನಗೆ ಗೊತ್ತಿದೆಯೆಂದು ನನಗೂ ಗೊತ್ತು. ನಾನು ಹುಟ್ಟಿದ ಚಳಿಗಾಲದಲ್ಲಿ ಹಿಮಕ್ಕೆ ಸಿಕ್ಕಿ ಮಂದೆಯೆಲ್ಲ ಸತ್ತದ್ದು, ಹಾಲಿಲ್ಲದೆ ಹೋದದ್ದು, ನನ್ನ ಎರಡು ಕಾಲುಗಳು ಬಿಲ್ಲಿನಂತೆ ಬಾಗಿ ಬೆಳೆದದ್ದು, ಇವುಗಳನ್ನು ನಾವಿಬ್ಬರೂ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ನನ್ನ ಶಾಲೆಯ ಲಂಗಗಳನ್ನು ನೀನು ಉಳಿದವರದಕ್ಕಿಂತ ಒಂದು ಗೇಣು ಉದ್ದವಾಗಿ ಹೊಲಿದೆ, ನಾನು ಏಕೆಂದು ಕೇಳಲಿಲ್ಲ. ಎಂಟು ವರ್ಷದವಳಿದ್ದಾಗ, ನಾನು ಮಲಗಿದ್ದೇನೆಂದು ತಿಳಿದು ನೀನು ಅಜ್ಜಿಗೆ, "ನನ್ನ ಎದೆಹಾಲಲ್ಲಿ ಸತ್ವ ಇರ್ಲಿಲ್ಲಮ್ಮ, ಮಗೂ ಕಾಲು ನಾನೇ ಹಾಳು ಮಾಡ್ದೆ" ಎಂದದ್ದನ್ನು ಕೇಳಿಸಿಕೊಂಡೆ. ಅಂದಿನಿಂದ ಪ್ರತಿ ತರಗತಿಯಲ್ಲಿಯೂ ಮೊದಲನೆಯವಳಾದೆ. ನೀನು ನನ್ನ ಕಾಲುಗಳನ್ನು ನೋಡದೆ ಅಂಕಪಟ್ಟಿಯನ್ನು ನೋಡಲೆಂದು.

ಈಗ ಓದಿಕೊಂಡು ಹೇಳುತ್ತಿದ್ದೇನೆ, ಕೇಳು. ಹಾಲಿನ ಕೊರತೆಯೊಂದೇ ಅಲ್ಲ. ಆ ಚಳಿಗೆ ಮಗುವನ್ನು ತುಪ್ಪಳದಲ್ಲಿ ಸುತ್ತಿ ಆರು ತಿಂಗಳು ಬಿಸಿಲಿಗೆ ತರಲಾಗದಿದ್ದರೆ ಯಾವ ತಾಯಿಯ ಮಗುವಿನ ಮೂಳೆಯೂ ಹಾಗೆಯೇ ಆಗುತ್ತದೆ. ಹೊರಗೆ ತಂದಿದ್ದರೆ ನಾನು ಉಳಿಯುತ್ತಿರಲಿಲ್ಲ. ಎಲ್ಲವೂ ಕೈಯಲ್ಲಿದ್ದು ನಾನು ಬಾಸರನ ನೆಟ್ಟಗಿದ್ದ ಕಾಲುಗಳನ್ನು ಆರು ವಾರಗಳಲ್ಲಿ ಬಾಗಿಸಿದೆ. ನೀನು ಏನೂ ಇಲ್ಲದೆ ನನ್ನನ್ನು ಬದುಕಿಸಿದೆ. ಬರುವ ಜೂನ್‌ನ ಪದವಿ ಸಮಾರಂಭಕ್ಕೆ ಬಟ್ಟೆ ಹೊಲಿಯುತ್ತೇನೆಂದು ಬರೆದಿದ್ದೆಯಲ್ಲ. ಮೊಣಕಾಲಿನವರೆಗೆ ಬರುವಂತೆ ಹೊಲಿ, ಅಮ್ಮಾ. ಬಂದು ಮುಂದಿನ ಸಾಲಿನಲ್ಲಿ ಕುಳಿತು ನೋಡು.